ಇಡ್ಲಿಯ ಹಬೆಯಲ್ಲಿ ಬಿಚ್ಚುವ ಕಾಲುವೆ

ಬೆಳಗಿನ ಐದೂಕಾಲು. ಮುಂಬಯಿ ಹೊರವಲಯದ ಡೊಂಬಿವಲಿ, ಎಂಐಡಿಸಿ ಕಾರ್ಖಾನೆಗಳ ಮೊದಲ ಪಾಳಿಯವರು ಇನ್ನೂ ಬಂದಿಲ್ಲ. ಯಜ್ಞೇಶ್ವರ ರಾಯರ ಹೋಟೆಲಿನ ಅಡುಗೆಮನೆಯಲ್ಲಿ ಪೂವಪ್ಪ ಇಡ್ಲಿಯ ಎರಡನೇ ಒಬ್ಬೆ ಇಳಿಸುತ್ತಾರೆ. ಬಟ್ಟೆ ಸಮೇತ ಬುಟ್ಟಿಗೆ ಕವುಚಿ, ಸ್ಟೀಮರಿನ ಮುಚ್ಚಳ ಅರ್ಧ ಸರಿಸುತ್ತಾರೆ. ಇನ್ನು ಮೂರನೇ ಒಬ್ಬೆ ಏರಬೇಕು. ಏರುವುದಿಲ್ಲ. ಕೈಯೊರೆಸಿಕೊಂಡು ಪ್ಲಾಸ್ಟಿಕ್ ಚೀಲದಿಂದ ಕಪ್ಪು ರಟ್ಟಿನ ಹಾಳೆಯೊಂದನ್ನು ತೆಗೆಯುತ್ತಾರೆ. ಅದರ ಮೇಲೊಂದು ಹಳೆಯ ಫೋಟೋ: ಸಲಿಕೆ, ಪಿಕಾಸಿ ಹಿಡಿದ ಒಂಬತ್ತು ಗಂಡಸರು, ಹಿಂದೆ ಅರ್ಧ ತೋಡಿದ ಕಾಲುವೆ.

ಬಾಗಿಲ ಬಳಿ ಕಾಶವ್ವ ನಿಂತಿದ್ದಾರೆ. ಕಳವಾ ಸ್ಟೇಷನ್ನಿನ ಕಾರ್‌ಶೆಡ್ಡಿನಲ್ಲಿ ರೈಲು ಡಬ್ಬಿ ತೊಳೆಯುವ ಕೆಲಸ ಇವರದು. ಮೊದಲ ಲೋಕಲ್ ಹಿಡಿದು ಬಂದಿದ್ದಾರೆ. ಈ ಒಂಬತ್ತು ಜನರಲ್ಲಿ ಒಬ್ಬರು ಅವರ ಅಪ್ಪ ಯಮನಪ್ಪ. ಯಾವ ಒಬ್ಬರು ಎಂಬುದು ಗೊತ್ತಿಲ್ಲ.

“ನಾ ಅವ್ವನ ಹೊಟ್ಟ್ಯಾಗಿದ್ದೆ. ಕಾಲುವೆ ಮಣ್ಣು ಕುಸಿದು ಹೋದ್ರಂತ,” ಎನ್ನುತ್ತಾರೆ ಕಾಶವ್ವ. “ಅದಕ್ಕ ಎಂಟ ದಿನ ಮೊದಲ ಅವರ ಗ್ಯಾಂಗಿನ ಒಂಬತ್ತೂ ಮಂದಿನ್ನ ಒಡ್ಡಿನ ಮ್ಯಾಲ ನಿಲ್ಲಿಸಿ ಚಾದ ಹುಡುಗ ಫೋಟೋ ತಗದಿದ್ನಂತ. ಅವ್ವ ಸಾಯೂತನಕ ಅದನ್ನ ಹೇಳಿದ್ಲ್ರಿ.” ಆ ಅವ್ವ ಪ್ರತಿ ಮಹಾಲಯ ಅಮಾವಾಸ್ಯೆಗೆ ಗಂಡನ ಎಡೆಗೆ ಹೋಳಿಗೆಯ ಜೊತೆ ಹಾಲಿಲ್ಲದ ಬೆಲ್ಲದ ಚಹಾ ಇಡುತ್ತಿದ್ದರಂತೆ. ಎರಡು ವರ್ಷದಿಂದ ಮಗಳು ಇಡುತ್ತಿದ್ದಾರೆ, ಮುಖ ಗೊತ್ತಿಲ್ಲದ ಅಪ್ಪನಿಗೆ.

ಆ ಚಹಾದ ಹುಡುಗನೇ ನಮ್ಮ ಪೂವಪ್ಪ. ಎಪ್ಪತ್ತಮೂರನೇ ಇಸವಿ, ಹದಿನೆಂಟರ ಪ್ರಾಯ. ಉಡುಪಿ ಕಡೆಯಿಂದ ಬಂದವರು ಕಲ್ಯಾಣದಾಚೆ, ಮುರ್ಬಾಡ್ ಕಡೆಯ ಕಾಲುವೆ ಕ್ಯಾಂಪಿನ ಕ್ಯಾಂಟೀನು ಸೇರಿದರು. ವರ್ಗವಾಗಿ ಹೋದ ಓವರ್‌ಸಿಯರ್ ಒಬ್ಬರು ಡಬ್ಬಿ ಕ್ಯಾಮೆರಾ ಕೊಟ್ಟುಹೋದರು. ಎರಡು ವರ್ಷದಲ್ಲಿ ತೊಂಬತ್ತನಾಲ್ಕು ಫೋಟೋ. ಬಂಡೆ ಒಡೆಯುವವರು, ಬುಟ್ಟಿ ಹೊತ್ತವರು, ಜೋಳಿಗೆಯಲ್ಲಿ ಮಗು ಮಲಗಿಸಿದವರು. ಉದ್ಘಾಟನೆಯದು ಮಾತ್ರ ಒಂದೂ ಇಲ್ಲ.

“ದೊಡ್ಡವರು ಬಂದ ದಿವಸ ಚಹಾ ಕೊಡ್ಲಿಕ್ಕೇ ಪುರುಸೊತ್ತಿಲ್ಲ ಮಾರಾಯ್ರೆ, ಫೋಟೋ ಎಲ್ಲಿಂದ?”

ಕ್ಯಾಂಪಿನ ಗುಮಾಸ್ತರ ಅಕ್ಷರ ಚೆಂದ. ಪ್ರತಿ ಫೋಟೋದ ಹಿಂಬದಿಯಲ್ಲಿ, ಸರಿಯಾಗಿ ಅವರವರ ತಲೆಯ ಹಿಂದೆ, ಇಂಕ್‌ಪೆನ್ನಿನಲ್ಲಿ ಹೆಸರು ಬರೆಸಿಕೊಂಡರು. ಅದರ ಕೆಳಗೆ ಪೂವಪ್ಪನವರದೇ ಪೆನ್ಸಿಲ್ ಗೀಚು: ಯಾರಿಗೆ ಸಕ್ಕರೆ ಎಷ್ಟು, ಯಾರಿಗೆ ಅರ್ಧ ಗ್ಲಾಸು. ಫೋಟೋ ಕಿಸೆಯಲ್ಲಿಟ್ಟುಕೊಂಡೇ ಚಹಾ ಹಂಚುತ್ತಿದ್ದರಂತೆ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಆಲ್ಬಮ್ಮಿಗೆ ಅಂಟಿಸಿದರು. ಎಡವಟ್ಟಾದದ್ದು ಅಲ್ಲೇ. ಹೋಟೆಲಿನವನಿಗೆ ಅಂಟು ಎಂದರೆ ಮೈದಾ ಅಂಟು. ಹುಳು ಬಾರದಿರಲಿ ಎಂದು ಮೈಲುತುತ್ತು ಬೆರೆಸಿ, ಗೋಡೆಗೆ ಪೋಸ್ಟರ್ ಮೆತ್ತಿದ ಹಾಗೆ ಹಿಂಬದಿಗೆಲ್ಲ ಬಳಿದುಬಿಟ್ಟರು! ಹುಳು ಬರಲಿಲ್ಲ, ನಿಜ. ಹೆಸರುಗಳೂ ಐವತ್ತು ವರ್ಷ ಹೊರಗೆ ಬರಲಿಲ್ಲ.

“ಅಂಟು ಹಾಕಿದ್ದು ನಾನು. ಬಿಚ್ಚುವುದೂ ನಾನೇ ಅಲ್ವಾ?”

ಕಳೆದ ನವೆಂಬರಿನಲ್ಲಿ ಕನ್ನಡ ಸಂಘದ ಪ್ರದರ್ಶನದಲ್ಲಿ ಈ ಆಲ್ಬಮ್ ಇಟ್ಟಿದ್ದರು. ಕಾಶವ್ವ ಅದರ ಮುಂದೆ ಒಂದು ತಾಸು ನಿಂತಿದ್ದರು. ಅವತ್ತಿನಿಂದ ಪೂವಪ್ಪನವರಿಗೆ ಇದೊಂದು ಹೊಸ ಕೆಲಸ. ದಿನಕ್ಕೆ ಆರುನೂರು ಇಡ್ಲಿ. ಪುರುಸೊತ್ತಾದ ದಿನ ಒಂದು ಫೋಟೋ. ನಲವತ್ತು ಬಿಚ್ಚಿದ್ದಾರೆ. ಆರು ಹಾಳಾಗಿವೆ. ಹಬೆ ಕಡಿಮೆಯಾದರೆ ಕಾಗದ ಹರಿಯುತ್ತದೆ, ಹೆಚ್ಚಾದರೆ ಶಾಯಿ ಹರಡುತ್ತದೆ. ಈ ಒಂಬತ್ತು ಜನರದನ್ನು ಮಾತ್ರ ಕೈ ಪಳಗಲಿ ಎಂದು ಇಷ್ಟು ದಿನ ಮುಟ್ಟಿರಲಿಲ್ಲ.

“ರಾತ್ರಿ ನಿದ್ರೆ ಇಲ್ಲ ನಂಗೆ,” ಎನ್ನುತ್ತಾರೆ. “ಇಡ್ಲಿ ಕೆಟ್ಟರೆ ಇನ್ನೊಂದು ಒಬ್ಬೆ ಇಡಬಹುದು. ಇದು ಹಾಗಾ?”

ಇದನ್ನು ಬರೆಯಲೆಂದು ಬಂದು ನಿಂತ ನನಗೋ ಹಾಲು ಉಕ್ಕುವುದನ್ನು ನೋಡಿದರೂ ಎದೆ ಹೊಡೆದುಕೊಳ್ಳುತ್ತದೆ. ಮುಖಗಳ ನಕಲನ್ನು ಫೋನಿನಲ್ಲಿ ತೆಗೆದಿಟ್ಟಿದ್ದೇನೆ. ಹಿಂಬದಿಯ ಹೆಸರಿಗೆ ನಕಲಿಲ್ಲ. “ಇನ್ನೊಂದು ದಿನ ನೋಡೋಣವೇ?” ಎಂದು ನಾನೇ ಎರಡು ಸಲ ಕೇಳುತ್ತೇನೆ. ಕಾಶವ್ವ ಬೇಡವೆಂದು ತಲೆಯಾಡಿಸುತ್ತಾರೆ. ಗಲ್ಲಾದಿಂದ ಯಜ್ಞೇಶ್ವರ ರಾಯರ ಕೂಗು: “ಪೂವಪ್ಪಣ್ಣ, ಏಳಕ್ಕೆ ಪಾರ್ಸೆಲ್ ಹೋಗ್ಬೇಕು!” ಕೂಗಿದವರೇ ಎದ್ದುಬಂದು, ಹುಡುಗರು ಒಳಗೆ ನುಗ್ಗದಂತೆ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

ಪೂವಪ್ಪ ಸ್ಟೀಮರಿನ ಮೇಲೆ ಇಡ್ಲಿ ಬಟ್ಟೆ ಹಾಸಿ, ರಟ್ಟಿನ ಬೆನ್ನನ್ನು ಹಬೆಗೆ ಹಿಡಿಯುತ್ತಾರೆ. ತುಳುವಿನಲ್ಲಿ ಎಣಿಕೆ. ಅರುವತ್ತಕ್ಕೆ ತೆಗೆದು, ಸವೆದು ತೆಳುವಾದ ದೋಸೆ ಸಟ್ಟುಗವನ್ನು ಮೂಲೆಗೆ ತೂರಿಸುತ್ತಾರೆ. ಏಳುವುದಿಲ್ಲ. ಮತ್ತೆ ಹಬೆ, ಮತ್ತೆ ಎಣಿಕೆ. ಎರಡೂ ಅಂಚು ಏಳುತ್ತವೆ, ನಡುವೆ ಗಟ್ಟಿ. ಮೂರನೇ ಸಲ ಹಿಡಿಯುತ್ತಾರೆ. ಕಾಶವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾರೆ.

ಫೋಟೋ ಇಡಿಯಾಗಿ ಕೈಗೆ ಬರುತ್ತದೆ. ಹರಿದಿಲ್ಲ. ಆದರೆ ತಿರುಗಿಸಿದಾಗ ಪೂವಪ್ಪನವರ ಮುಖ ಇಳಿದುಹೋಗುತ್ತದೆ. ಆಚೀಚೆಯ ನಾಲ್ಕು ಹೆಸರು ಸ್ಪಷ್ಟ, ಯಮನಪ್ಪ ಅದರಲ್ಲಿಲ್ಲ. ನಡುವಿನ ಐದೂ ನೀಲಿ ಕಲೆ.

“ಅಯ್ಯೋ ದೇವರೇ... ಕೆಡಿಸಿಬಿಟ್ಟೆ. ನಾನೇ ಕೆಡಿಸಿಬಿಟ್ಟೆ.”

ಪೂವಪ್ಪ ಕನ್ನಡಕ ಒರೆಸಿಕೊಂಡು, ನೀಲಿಯ ಅಡಿಯಲ್ಲಿ ಉಳಿದ ಪೆನ್ಸಿಲ್ ಗೀಚನ್ನೇ ಓದುತ್ತಾರೆ, ಬೇರೇನು ಮಾಡಬೇಕೆಂದು ತೋಚದೆ. “ಸಕ್ಕರೆ ಎರಡು. ಅರ್ಧ ಗ್ಲಾಸು. ಸಕ್ಕರೆ ಕಮ್ಮಿ. ಹಾಲು ಬೇಡ, ಬೆಲ್ಲ. ಶುಂಠಿ...”

“ತಡೀರಿ ಕಾಕಾ,” ಎನ್ನುತ್ತಾರೆ ಕಾಶವ್ವ. “ಬೆಲ್ಲ ಯಾರದು?”

ಪೂವಪ್ಪ ಆ ಗೀಚಿನ ಮೇಲೆ ಬೆರಳಿಟ್ಟು ಫೋಟೋವನ್ನು ಟ್ಯೂಬ್‌ಲೈಟಿಗೆ ಹಿಡಿದು, ಮೆಲ್ಲಗೆ ತಿರುಗಿಸುತ್ತಾರೆ. ಬೆರಳು ನಿಂತಿರುವುದು ಒಬ್ಬ ತೆಳ್ಳಗಿನ ಯುವಕನ ಮೇಲೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಪಕ್ಕದವನ ಹೆಗಲ ಮೇಲೆ ಕೈಯಿಟ್ಟು, ನಗು ತಡೆದುಕೊಂಡು ನಿಂತಿದ್ದಾನೆ. ಕಾಶವ್ವನವರ ಮಗನಿಗಿಂತಲೂ ಚಿಕ್ಕವನು.

ಪೂವಪ್ಪ ಅಳುತ್ತಾರೆ. “ಹೆಸರು ಹೋಯ್ತಲ್ಲ ಮಗಾ. ಅಷ್ಟು ಚೆಂದ ಬರೆಸಿದ್ದೆ.”

ಕಾಶವ್ವ ಫೋಟೋದಿಂದ ಕಣ್ಣು ಕೀಳುವುದಿಲ್ಲ.

“ಹೆಸರು ನನಗ ಗೊತ್ತಿತ್ರಿ ಕಾಕಾ. ಮಾರಿ ಗೊತ್ತಿರಲಿಲ್ಲ.”