ಅಪ್ಪನ ಹೆಸರಿಲ್ಲದ ಪ್ರಾರ್ಥನೆ

ನವೆಂಬರ್ ಎರಡರ ಸಂಜೆ ಮುಂಬಯಿಯ ಯಾವ ಕ್ರೈಸ್ತ ಸ್ಮಶಾನದ ಗೇಟಿನ ಮುಂದೆ ಹಾದುಹೋದರೂ ಕರಗಿದ ಮೇಣ ಮತ್ತು ಚೆಂಡುಹೂವಿನ ಘಾಟು ಒಟ್ಟಿಗೇ ಮೂಗಿಗೆ ಬಡಿಯುತ್ತದೆ. ಸತ್ತವರನ್ನು ನೆನೆಯುವ ದಿನ ಅದು. ಎಲ್ಲರೂ ತಂತಮ್ಮವರ ಸಮಾಧಿ ತೊಳೆದು, ಹೂವಿಟ್ಟು, ಬತ್ತಿ ಹಚ್ಚಿ, ಮನಸಾರೆ ಅತ್ತು ಹೊರಬರುತ್ತಾರೆ. ಅವರನ್ನು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು. ಅಳಲಿಕ್ಕೆ ಒಂದು ಜಾಗವಿರುವುದು ಎಂಥ ಭಾಗ್ಯವೆಂದು ಇದನ್ನು ಓದುವ ಕೆಲವರಿಗಾದರೂ ಗೊತ್ತಿರುತ್ತದೆ. ಆ ವಾಸನೆ ನನ್ನನ್ನು ಕುರ್ಲಾದ ನಮ್ಮ ಚಾಳಿಗೆ, ಈಗಿಲ್ಲದ ಆ ಒಂದೇ ಕೋಣೆಯ ಮನೆಗೆ ಎಳೆದೊಯ್ಯುತ್ತದೆ.

ನಾವು ಮುದಗಲ್ ಕಡೆಯ ಕನ್ನಡ ಕ್ರೈಸ್ತರು. ಅಪ್ಪ ಇನ್ನಾಸಪ್ಪ ಗೌಂಡಿ. ಪವಾಯಿಯಲ್ಲಿ ಏಳುತ್ತಿದ್ದ ಬಿಲ್ಡಿಂಗುಗಳಿಗೆ ಇಟ್ಟಿಗೆ ಕಟ್ಟುತ್ತಿದ್ದ. ಮನೆಗೆ ಬಂದಾಗ ಅವನ ರೆಪ್ಪೆಯ ಮೇಲೂ ಸಿಮೆಂಟಿನ ಪುಡಿ ಇರುತ್ತಿತ್ತು. ಅವನು ಕೆನ್ನೆಗೆ ಕೆನ್ನೆ ತಿಕ್ಕಿದರೆ ಉರಿಯುತ್ತಿತ್ತು, ಆದರೂ ಒಡ್ಡುತ್ತಿದ್ದೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಜುಲೈನಲ್ಲಿ ಒಂದು ದಿನ ಹುಚ್ಚು ಮಳೆ ಸುರಿದು ಲೋಕಲ್ ನಿಂತಿತು, ನಮ್ಮ ಗಲ್ಲಿಯಲ್ಲಿ ಎದೆಮಟ್ಟ ನೀರು ಬಂತು. ಅಪ್ಪ ಸೈಟಿನಿಂದ ನಡೆದೇ ಹೊರಟನಂತೆ. ಜೊತೆಗೆ ಹೊರಟವರು ಮರುದಿನ ಮನೆ ಸೇರಿದರು, ಅಪ್ಪ ಸೇರಲಿಲ್ಲ. ಅವ್ವ ಮತ್ತು ರಾಯಪ್ಪ ಉಪದೇಶಿಗಳು ಆಸ್ಪತ್ರೆ, ಶವಾಗಾರ, ಪೊಲೀಸ್ ಚೌಕಿ ಒಂದನ್ನೂ ಬಿಡದೆ ಅಲೆದರು. ಎಲ್ಲಿಯೂ ಅವನ ಸುಳಿವು ಸಿಗಲಿಲ್ಲ.

ರಾಯಪ್ಪನವರು ಹಗಲು ಗ್ಯಾರೇಜಿನಲ್ಲಿ ಪಂಕ್ಚರ್ ಹಾಕುವವರು, ಸಂಜೆ ನಮ್ಮ ಚಾಳಿನ ಕನ್ನಡದವರಿಗೆ ಜಪಸರ ಹೇಳಿಸುವ ಉಪದೇಶಿ. ಚರ್ಚಿನ ಪೂಜೆಯೆಲ್ಲ ಇಂಗ್ಲಿಷು, ಮರಾಠಿಯಲ್ಲಿ. ನಮ್ಮ ಮಟ್ಟಿಗೆ ದೇವರು ಕನ್ನಡ ಮಾತಾಡುತ್ತಿದ್ದುದು ಅವರ ಬಾಯಿಂದಲೇ. ಕೈಗೆ ಗ್ರೀಸ್, ಕೊರಳಲ್ಲಿ ಜಪಮಣಿ. ಅವರಿಗೂ ಬಗ್ಗದವಳೆಂದರೆ ನಮ್ಮ ಅಜ್ಜಿ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಯ ಪ್ರತಿಮೆ ನಮ್ಮ ಗೋಡೆಯ ಗೂಡಿನಲ್ಲಿತ್ತು. ಮಳೆ ನಿಂತ ಮೇಲೆ ಒಂದು ಮಂಗಳವಾರ ಅಜ್ಜಿ ಆ ಸಂತನ ತೋಳಿನಿಂದ ಬಾಲಯೇಸುವನ್ನು ಬಿಡಿಸಿಕೊಂಡು, ಅಪ್ಪನ ಕರವಸ್ತ್ರದಲ್ಲಿ ಸುತ್ತಿ, ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಳು. "ಸಂತರ ಕೂಡ ಸವಾಲು ಹಾಕಬಾರದು ಯವ್ವಾ, ಕೂಸು ಕೊಟ್ಟುಬಿಡು" ಎಂದು ಉಪದೇಶಿಗಳು ಬೇಡಿಕೊಂಡರು. ಅಜ್ಜಿ ಅಕ್ಕಿ ಆರಿಸುತ್ತಲೇ, "ಅವಾ ನನ್ನ ಕೂಸು ಕೊಡ್ಲಿ, ನಾ ಅವನ ಕೂಸು ಕೊಡ್ತೀನಿ" ಎಂದಳು. ಕ್ರಿಸ್ಮಸ್ಸಿಗೆ ಮಾತ್ರ ಕೂಸನ್ನು ಹೊರತೆಗೆದು, ಎಣ್ಣೆ ಸವರಿ, ನಮ್ಮ ಗೋದಲಿಯಲ್ಲಿ ಮಲಗಿಸುತ್ತಿದ್ದಳು. ದನಕ್ಕಿಂತ ದೊಡ್ಡ ಕೂಸನ್ನು ನೋಡಿ ಚಾಳಿನ ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಹಬ್ಬ ಮುಗಿದರೆ ಮತ್ತೆ ಡಬ್ಬಿ.

ನಮ್ಮ ಸಂಕಟವೆಲ್ಲ ಬಂದು ನಿಲ್ಲುತ್ತಿದ್ದುದು ನವೆಂಬರ್ ಎರಡಕ್ಕೆ. ಆ ಸಂಜೆ ಪ್ರತಿ ಹೊಸ್ತಿಲ ಮೇಲೂ ಒಂದು ಬತ್ತಿ ಉರಿಯುತ್ತಿತ್ತು. ಉಪದೇಶಿಗಳು ಗ್ಯಾಲರಿಯುದ್ದಕ್ಕೂ ನಡೆದು ಆಯಾ ಮನೆಯ ಸತ್ತವರ ಹೆಸರು ಬಾಯಿಪಾಠದಿಂದಲೇ ಹೇಳುತ್ತಿದ್ದರು. ನಿಂತವರೆಲ್ಲ "ನಿತ್ಯ ಬೆಳಕು ಅವರ ಮೇಲೆ ಬೆಳಗಲಿ" ಎನ್ನುತ್ತಿದ್ದರು. ನಮ್ಮ ಬಾಗಿಲಿಗೆ ಬಂದಾಗ ಅಜ್ಜ ಚೌರಪ್ಪನ ಹೆಸರು ಹೇಳಿ ನಿಲ್ಲುವರು, ಅಜ್ಜಿಯ ಮುಖ ನೋಡುವರು. "ನಡೀರಿ, ಮುಂದಿನ ಮನಿಗೆ" ಎನ್ನುವಳು ಅಜ್ಜಿ. ಅವ್ವ ಒಳಗೆ ಪರದೆಯ ಹಿಂದೆ ಸೆರಗು ಕಚ್ಚಿಕೊಂಡು ನಿಂತಿರುತ್ತಿದ್ದಳು. ಸತ್ತವರು ಶುದ್ಧೀಕರಣದ ಬೆಂಕಿಯಲ್ಲಿ ನಮ್ಮ ಪ್ರಾರ್ಥನೆಗಾಗಿ ಕಾಯುತ್ತಾರೆಂದು ನಮಗೆ ಕಲಿಸಿದ್ದರಲ್ಲ. "ಅವ್ರು ಅಲ್ಲಿ ಉರಿಯಾಗ ನಿಂತು ನಮ್ಮ ಬಾಯಿ ನೋಡಾಕತ್ತಿದ್ರ ಏನ್ ಮಾಡೂದ್ರಿ ಅತ್ತಿ?" ಎಂದು ಅವ್ವ ಒಮ್ಮೆ ಕೇಳಿಯೇಬಿಟ್ಟಳು. "ಜೀವಂತ ಇದ್ದಾವನ್ನ ಬಾಯಿಲೇ ಹುಗೀತೀಯೇನ?" ಎಂದಳು ಅಜ್ಜಿ. ಇಬ್ಬರೂ ಅವನನ್ನೇ ಉಳಿಸಲು ಹೋರಾಡುತ್ತಿದ್ದರು, ಅದಕ್ಕೇ ಒಬ್ಬರಿಗೊಬ್ಬರು ಸೋಲುವಂತಿರಲಿಲ್ಲ. ಕೆಲವರು ಉಪದೇಶಿಗಳಿಗೆ, ಪಾಪ ಆ ಹೆಂಗಸಿಗಾಗಿಯಾದರೂ ಹೆಸರು ಹೇಳಿಬಿಡಿ ಎಂದು ಒತ್ತಾಯಿಸಿದರು. ಅವರು ಹೇಳಲಿಲ್ಲ. ನಮ್ಮ ಬಾಗಿಲನ್ನು ಬಿಟ್ಟು ಹೋಗಲೂ ಇಲ್ಲ. ವರ್ಷ ವರ್ಷ ಬಂದು, ನಿಂತು, ಅಜ್ಜಿಯ ಮುಖ ನೋಡಿ, ಆಮೇಲೆ ಮುಂದೆ ನಡೆದರು.

ನಾನು ಹತ್ತನೆಯ ಕ್ಲಾಸಿನಲ್ಲಿದ್ದ ವರ್ಷ ಅಜ್ಜಿಯ ಕಾಲು ಊದಿ, ಗೋಡೆಗೆ ಒರಗಿಯೇ ಕೂರುವಂತಾಗಿತ್ತು. ನವೆಂಬರ್ ಎರಡರ ಸಂಜೆ ಉಪದೇಶಿಗಳು ಅಜ್ಜನ ಹೆಸರು ಹೇಳಿ ಎಂದಿನಂತೆ ನಿಂತರು. ಪರದೆ ಸರಿಯಿತು. ಅವ್ವ ಹೊಸ್ತಿಲಿಗೆ ಬಂದು, "ಇನ್ನಾಸಪ್ಪ" ಎಂದಳು. ಅವಳು ಗಂಡನ ಹೆಸರು ಹಿಡಿದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನಿಂತವರು "ನಿತ್ಯ ಬೆಳಕು" ಎನ್ನದೆ ಉಪದೇಶಿಗಳ ಕಡೆ ತಿರುಗಿದರು. ಉಪದೇಶಿಗಳು ನೋಯುವ ಮಂಡಿಯೂರಿ ಅಜ್ಜಿಯ ಎದುರಿಗೆ ಕುಳಿತು, "ಯವ್ವಾ, ನೀ ಒಪ್ಪದ ನಾ ಅನ್ನೂದಿಲ್ಲ" ಎಂದರು. ಬತ್ತಿ ಕರಗಿ ಕಲ್ಲಿನ ಮೇಲೆ ಹರಿಯುತ್ತಿತ್ತು. ಅಜ್ಜಿ ಅವ್ವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಬ್ಬಳೇ, ಒಡೆದ ದನಿಯಲ್ಲಿ, "ನಿತ್ಯ ಬೆಳಕು ಅವನ ಮ್ಯಾಲೆ ಬೆಳಗಲಿ" ಎಂದಳು. ಅವ್ವ ಅಲ್ಲೇ ಕುಸಿದು, ಅಷ್ಟು ವರ್ಷದ್ದನ್ನೆಲ್ಲ ಅತ್ತಳು. ಅಜ್ಜಿ ಅಳಲಿಲ್ಲ. ನನ್ನನ್ನು ಹತ್ತಿರಕ್ಕೆಳೆದು ಕಿವಿಯಲ್ಲಿ, "ಅವ ಬಂದ್ರ, ನಾ ಹಿಂಗ ಅಂದ್ನಿ ಅಂತ ಹೇಳಬ್ಯಾಡ" ಎಂದಳು. ನಾನು ಹೂಂ ಎಂದೆ.

ಮುಂದಿನ ಈಸ್ಟರನ್ನು ಅಜ್ಜಿ ಕಾಣಲಿಲ್ಲ. ಉಪದೇಶಿಗಳು ಹೋದರು, ಅವ್ವನೂ ಹೋದಳು. ಚಾಳು ಇದ್ದಲ್ಲಿ ಈಗ ಲಿಫ್ಟ್ ಇರುವ ಬಿಲ್ಡಿಂಗ್ ನಿಂತಿದೆ. ಅಜ್ಜಿಗೆ ಕೊಟ್ಟ ಮಾತನ್ನು ಮುರಿಯುವ ಅವಕಾಶವೇ ನನಗೆ ಬರಲಿಲ್ಲ.