ಗೆಂತಾನ ಕಿವಿ ಮಲಗಬೇಕು

ಕುಮಗಾಯಿ ಹಿಸಾನೊ ತನ್ನ ನಾಯಿಯ ಜೊತೆ ಮಾತು ಬಿಟ್ಟು ನಲವತ್ತು ದಿನವಾಗಿತ್ತು. ಜಗಳವೇನಿಲ್ಲ, ಅದು ಕೆಲಸ. ಊಟ ಹಾಕುವಂತಿಲ್ಲ, ಮೈ ಸವರುವಂತಿಲ್ಲ, ಎದುರಾದರೆ ಕಣ್ಣೆತ್ತಿ ನೋಡುವಂತೆಯೂ ಇಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಗೆಂತಾ ಬಾಲ ಆಡಿಸಿದರೆ ಅವಳು ಗೋಡೆ ನೋಡುತ್ತ ಹಾದುಹೋಗುತ್ತಿದ್ದಳು, ಆಮೇಲೆ ಹಸುಗಳ ಮರೆಯಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು. ಊರಲ್ಲೆಲ್ಲ ಬಾಯಿಬಡುಕಿ ಎಂದೇ ಹೆಸರಾದ ಅರವತ್ತಮೂರರ ಹೆಂಗಸಿಗೆ ಇದಕ್ಕಿಂತ ಕಠಿಣವಾದ ವ್ರತ ಇನ್ನೊಂದಿರಲಿಲ್ಲ.

ವ್ರತ ಸಿನಿಮಾಕ್ಕಾಗಿ. ಮಕ್ಕಳು ಮತ್ತು ಪ್ರಾಣಿಗಳ ಸಿನಿಮಾ ತೆಗೆಯಲು ಟೋಕಿಯೊದಿಂದ ಯಾರೇ ಉತ್ತರದ ಹೊಕ್ಕೈಡೊ ದ್ವೀಪಕ್ಕೆ ಬರಲಿ, ಕೊನೆಗೆ ಶಿಬೆಚಾ ಊರಿನ ಹಿಸಾನೊಳ ಅಂಗಳಕ್ಕೇ ಬರುತ್ತಿದ್ದರು. ಇದು ಶುರುವಾದದ್ದು ಗಂಡ ತೀರಿಕೊಂಡ ವರ್ಷ. ಸಾಕಿದ ನರಿ ಎಲ್ಲಾದರೂ ಸಿಗುತ್ತದೆಯೇ ಎಂದು ಕೇಳುತ್ತ ಇಬ್ಬರು ಬಂದರು. ಅವಳ ಹತ್ತಿರ ಕಾಲು ಮುರಿದು ಸಿಕ್ಕ ನರಿಯೊಂದಿತ್ತು. ನರಿ ನಟಿಸಿತು, ದೇಶವೇ ಅತ್ತಿತು, ಹಿಸಾನೊ ಹಾಲು ಕರೆಯುವ ಕೆಲಸದ ಪಕ್ಕಕ್ಕೆ ಇನ್ನೊಂದು ಕೆಲಸ ಕಟ್ಟಿಕೊಂಡಳು. ಆಮೇಲೆ ಕುದುರೆಮರಿ, ಮೇಕೆ, ಬಾತುಕೋಳಿ, ನಾಯಿಗಳು. ಒಟ್ಟು ಹನ್ನೊಂದು ಸಿನಿಮಾ. ಎಲ್ಲದರಲ್ಲೂ ಒಂದು ಮಗು, ಒಂದು ಪ್ರಾಣಿ, ಹೊಟ್ಟೆ ಕಿವುಚುವಂಥ ಒಂದು ಅಗಲಿಕೆ. ಕೊನೆಯಲ್ಲಿ ‘ಪ್ರಾಣಿಗಳು: ಕುಮಗಾಯಿ ಹಿಸಾನೊ’ ಎಂದು ತೆರೆಯ ಮೇಲೆ ಬರುವ ಹೊತ್ತಿಗೆ ಜನ ಕಣ್ಣೊರೆಸಿಕೊಂಡು ಕೋಟು ಹುಡುಕುತ್ತಿರುತ್ತಾರೆ. ಅವಳೊಬ್ಬಳು ಕದಲದೆ ಕೂತು ತನ್ನ ಹೆಸರು ಮೇಲೆ ಹೋಗಿ ಮಾಯವಾಗುವವರೆಗೂ ನೋಡುತ್ತಾಳೆ. ನೋಡಲಿ ಬಿಡಿ, ಅಷ್ಟು ಹಕ್ಕು ಅವಳಿಗಿದೆ.

ಉಳಿದ ತರಬೇತುದಾರರು ಮಗುವಿನ ಅಂಗಿಯ ತೋಳಿನೊಳಗೆ ಮಾಂಸದ ತುಂಡು ಬಚ್ಚಿಡುತ್ತಾರೆ. ನಾಯಿ ಓಡಿಬರುತ್ತದೆ, ಕೆಲಸ ಮುಗಿಯುತ್ತದೆ. ಹಿಸಾನೊಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಗೆಂತಾನಂಥ ಹೊಕ್ಕೈಡೊ ತಳಿಯ ನಾಯಿಯ ಕಿವಿ ಸದಾ ನಿಮಿರಿ ನಿಂತಿರುತ್ತದೆ. ತಿಂಡಿಯ ಕಡೆ ಓಡುವಾಗ ಇನ್ನೂ ನೆಟ್ಟಗಾಗುತ್ತದೆ. ಪ್ರೀತಿಸುವವರ ಕಡೆ ಓಡುವಾಗ ಮಾತ್ರ ಎರಡೂ ಕಿವಿ ಹಿಂದಕ್ಕೆ ಮಲಗಿ, ಇವೆಯೋ ಇಲ್ಲವೋ ಎನ್ನುವಂತೆ ತಲೆಗೆ ಅಂಟಿಕೊಳ್ಳುತ್ತವೆ. ಅದನ್ನು ಯಾವ ಸಾಮು ಮಾಡಿಸಿಯೂ ಕಲಿಸಲಾಗುವುದಿಲ್ಲ. ಹಾಗಾಗಿ ಮಗುವನ್ನು ಮನೆಗೇ ಕರೆತಂದು, ನಾಯಿಯನ್ನು ಅದರ ಕೈಗೆ ಕೊಟ್ಟು, ತಾನು ನಲವತ್ತು ದಿನ ಆ ನಾಯಿಗೆ ಯಾರೂ ಅಲ್ಲದವಳಾಗುವುದು ಅವಳ ಪದ್ಧತಿ.

ಈ ಸಲದ ಮಗು ಕಸುಮಿ, ಎಂಟು ವರ್ಷದ ಟೋಕಿಯೊ ಹುಡುಗಿ. ಬಂದ ದಿನ ಗೆಂತಾ ಆಕಳಿಸಿದ್ದಕ್ಕೇ ಕಿರುಚಿ ಅಮ್ಮನ ಹಿಂದೆ ಅಡಗಿದ್ದಳು. ಹತ್ತನೆಯ ದಿನಕ್ಕೆ ಅದರ ಅನ್ನದ ಬಟ್ಟಲು ತಾನೇ ತೊಳೆಯತೊಡಗಿದಳು. ಮೂವತ್ತನೆಯ ದಿನ ಹಿಸಾನೊ ಕಿಟಕಿಯಿಂದ ನೋಡಿದರೆ, ಗೆಂತಾ ಹುಡುಗಿಯ ಮಡಿಲಲ್ಲಿ ಅಂಗಾತ ಬಿದ್ದುಕೊಂಡು ಹೊಟ್ಟೆ ಕೆರೆಸಿಕೊಳ್ಳುತ್ತಿತ್ತು. ಹಿಸಾನೊಗೆ ಖುಷಿಯಾಯಿತು. ಹೊಟ್ಟೆಕಿಚ್ಚೂ ಆಯಿತು. ಈ ಪದ್ಧತಿಗೆ ಒಂದು ಬೆಲೆಯಿತ್ತು, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಂದೊಮ್ಮೆ ಸಿನಿಮಾ ಮುಗಿದ ಮೇಲೆ ಕುದುರೆಮರಿ ಒಂದು ವರ್ಷ ಅವಳ ಹತ್ತಿರ ಸುಳಿಯಲಿಲ್ಲ. ಮರಿಗಾದರೋ ಮುಂದೆ ಬೇಕಾದಷ್ಟು ವರ್ಷಗಳಿದ್ದವು. ಗೆಂತಾಗೆ ಆಗಲೇ ಹತ್ತು. ಈಗ ಅದರ ಮನಸ್ಸು ಕಳೆದುಕೊಂಡರೆ ಮತ್ತೆ ಗೆದ್ದುಕೊಳ್ಳಲು ಸಮಯವಿರಲಿಲ್ಲ.

ಎಂಬತ್ತೇಳರ ಏಪ್ರಿಲ್ ಒಂಬತ್ತು, ಕೊನೆಯ ದೃಶ್ಯ. ಕಥೆಯಲ್ಲಿ ಮಾರಿಹೋಗಿದ್ದ ನಾಯಿ ಚಳಿಗಾಲವಿಡೀ ನಡೆದು ಬಂದು ಹಿಮದ ಬಯಲಲ್ಲಿ ಹುಡುಗಿಯನ್ನು ಕಾಣಬೇಕು. ಹಿಮವೋ, ಕಣ್ಣೆದುರೇ ಕರಗುತ್ತಿತ್ತು! ಬಯಲು ಅಲ್ಲಲ್ಲಿ ಕಪ್ಪಗಾಗಿ, ಅಚ್ಚ ಬಿಳುಪು ಉಳಿದಿದ್ದು ಎರಡೇ ಪಟ್ಟಿ. ಒಂದು ಬಯಲ ನಡುವೆ, ಇನ್ನೊಂದು ಬರ್ಚ್ ಮರಗಳ ನೆರಳಲ್ಲಿ. ಒಮ್ಮೆ ಹೆಜ್ಜೆ ಬಿದ್ದರೆ ಆ ಪಟ್ಟಿ ಮುಗಿಯಿತು. ನಿರ್ದೇಶಕ ಒನೊದೆರಾ ಆಕಾಶ ನೋಡುತ್ತಿದ್ದ, ಗಡಿಯಾರ ನೋಡುತ್ತಿದ್ದ, ಮತ್ತೆ ಆಕಾಶ. ಅವನ ಸಹಾಯಕ ಸೆಗಾವಾ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದ. ಹಿಸಾನೊ ಗಾಳಿಯ ದಿಕ್ಕು ನೋಡಿಕೊಂಡು, ತನ್ನ ವಾಸನೆ ನಾಯಿಗೆ ಹೋಗದಂತೆ, ದಿಬ್ಬದ ಹಿಂದೆ ಬಿಳಿ ಚಾದರ ಹೊದ್ದು ಬೋರಲಾಗಿ ಮಲಗಿದಳು. ಎದೆ ಡವಗುಟ್ಟುತ್ತಿತ್ತು. ಹನ್ನೆರಡನೆಯ ಸಿನಿಮಾ, ಆದರೂ ಡವಗುಟ್ಟುತ್ತಿತ್ತು!

“ಶುರು!”

ಇನ್ನೂರು ಮೀಟರ್ ಆಚೆ ಪಕ್ಕದ ಮನೆಯ ರೈತ ಹಗ್ಗ ಬಿಟ್ಟ. ಗೆಂತಾ ಹೊರಟಿತು. ಹಿಮ ಚಿಮ್ಮಿಸುತ್ತ, ಮೈ ಹಿಗ್ಗಿಸಿ ಕುಗ್ಗಿಸಿ, ಬಾಣದಂತೆ ಬಂತು. ಕಸುಮಿ ಕೈಚಾಚಿದಳು. ನಾಯಿ ಅವಳ ಮೇಲೆ ಹಾರಿತು, ಇಬ್ಬರೂ ಉರುಳಿದರು.

“ಓಕೆ!” ಎಂದು ಒನೊದೆರಾ ಕೂಗಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಯ ದೃಶ್ಯ ಮುಗಿಸಿದವರಿಗೆ ಹೂಗುಚ್ಛ ಕೊಡುವುದು ವಾಡಿಕೆ. ಸೆಗಾವಾ ಕಸುಮಿಗೊಂದು, ಗೆಂತಾಗೊಂದು ಗುಚ್ಛ ಹಿಡಿದು ಓಡುತ್ತಲೇ ಇದ್ದ. ಅಷ್ಟರಲ್ಲಿ ದಿಬ್ಬದ ಹಿಂದಿನಿಂದ ಬಿಳಿ ಚಾದರ ದೆವ್ವದಂತೆ ಎದ್ದು ನಿಂತಿತು.

“ನಿಲ್ಸ್ರೋ! ಓಕೆನೂ ಇಲ್ಲ, ಗೀಕೆನೂ ಇಲ್ಲ!”

“ಏನಾಯ್ತು ಹಿಸಾನೊ ಅವ್ರೇ?” ಒನೊದೆರಾ ಕಂಗಾಲಾದ. “ಚಿನ್ನದಂಥಾ ಶಾಟು ಬಂತಲ್ರೀ!”

“ಚಿನ್ನ ಅಲ್ಲ, ಕೋಳಿ! ಕಿವಿ ನೆಟ್ಟಗಿತ್ತು. ಆ ಮಗು ಜೇಬು ನೋಡ್ರಿ.”

ಕಸುಮಿ ತಲೆ ತಗ್ಗಿಸಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದಳು. ಮಧ್ಯಾಹ್ನದ ಡಬ್ಬಿಯ ಕರಿದ ಕೋಳಿ, ಅರ್ಧ ಆಗಲೇ ಗೆಂತಾನ ಹೊಟ್ಟೆ ಸೇರಿತ್ತು. ಸೆಗಾವಾನ ಮುಖ ಹಿಮಕ್ಕಿಂತ ಬಿಳಿಯಾಯಿತು.

“ನಾನೇ ಇಟ್ಟಿದ್ದು ಅಮ್ಮಾ,” ಎಂದ ಅವನು. “ಒಂದೇ ಸಲಕ್ಕೆ ಆಗ್ದೇ ಇದ್ರೆ ಅಂತ ಭಯ ಆಯ್ತು.”

“ಭಯ ಆದ್ರೆ ನೀನೇ ತಿಂದ್ಕೋಬೇಕಿತ್ತು ಕಣೋ! ನಲವತ್ತು ದಿನ ನಾನು ಬಾಯಿಗೆ ಬೀಗ ಹಾಕ್ಕೊಂಡಿದ್ದು ನಿನ್ನ ಡಬ್ಬಿ ಖಾಲಿ ಮಾಡ್ಸಕ್ಕಾ?”

“ಹೋಗ್ಲಿ ಬಿಡಿ,” ಎಂದ ಒನೊದೆರಾ. “ಕಿವಿ ಯಾರು ನೋಡ್ತಾರೆ?”

“ಇಲ್ಲಿ ನಾಯಿ ಇಲ್ದಿರೋ ಮನೆ ಒಂದು ತೋರ್ಸಿ ಡೈರೆಕ್ಟ್ರೇ. ಎಲ್ಲಾರೂ ನೋಡ್ತಾರೆ. ನೋಡಿದ್ವಿ ಅಂತ ಅವ್ರಿಗೂ ಗೊತ್ತಾಗಲ್ಲ, ಅಳು ಮಾತ್ರ ಬರಲ್ಲ.”

ಒನೊದೆರಾ ಉತ್ತರಿಸುವ ಮುಂಚೆ ಕಸುಮಿ ಸಣ್ಣ ದನಿಯಲ್ಲಿ ಹೇಳಿದಳು, “ನಂಗೂ ಅಳು ಬರ್ಲಿಲ್ಲ. ಗೆಂತಾ ನನ್ನ ನೋಡ್ಲೇ ಇಲ್ಲ, ಜೇಬೇ ನೋಡ್ದ.”

ನಿರ್ದೇಶಕ ಟೋಪಿ ತೆಗೆದ, ತಲೆ ಕೆರೆದುಕೊಂಡ, ಬರ್ಚ್ ಮರಗಳ ಕಡೆ ನೋಡಿದ. “ಒಂದು ಪಟ್ಟಿ ಇದೆ. ಸಾಮಾನು ಎತ್ರಪ್ಪಾ!”

ಹಿಸಾನೊಗೆ ಕುಣಿಯುವಷ್ಟು ಖುಷಿಯಾಯಿತು. ಆಗ ಅವಳ ಕಣ್ಣು ಗೆಂತಾನ ಮೇಲೆ ಬಿತ್ತು. ನಾಯಿ ಕೋಳಿಯನ್ನೂ ಮರೆತು, ಹುಡುಗಿಯನ್ನೂ ಮರೆತು, ಅವಳನ್ನೇ ದಿಟ್ಟಿಸುತ್ತಿತ್ತು. ಬಾಲ ಮೆಲ್ಲಗೆ, ಅನುಮಾನದಲ್ಲಿ, ಒಂದು ಸಲ ಅತ್ತ ಒಂದು ಸಲ ಇತ್ತ. ನಲವತ್ತು ದಿನದ ಮೇಲೆ ಅದು ಅವಳ ದನಿ ಕೇಳಿತ್ತು. ಪದ್ಧತಿ ಕೆಡಿಸಿದೆಯೆಂದು ಸೆಗಾವಾನಿಗೆ ಬೈದವಳು ತನ್ನ ವ್ರತ ತಾನೇ ಮುರಿದಿದ್ದಳು!

ಅವಳು ತಟ್ಟನೆ ಬೆನ್ನು ತಿರುಗಿಸಿ, ಕೈಸನ್ನೆ ಮಾಡಿ ಒನೊದೆರಾನನ್ನು ದೂರ ಕರೆದು ಪಿಸುಗುಟ್ಟಿದಳು. “ನಾನು ಹೊರಡ್ತೀನಿ. ವ್ಯಾನು ಕೆಳಗೆ ರಸ್ತೆವರೆಗೂ ಒಯ್ತೀನಿ.”

“ನೀವಿಲ್ದೆ ಶಾಟಾ? ಹನ್ನೆರಡು ಸಿನಿಮಾ ಮಾಡಿದೀರಿ, ಕೊನೇ ಓಟ ನೀವೇ ನೋಡ್ದಿದ್ರೆ ಹೆಂಗೆ?”

“ನಾನು ನೋಡಕ್ಕೆ ನಿಂತ್ರೆ ಅದು ಓಡೋದು ನನ್ನ ಹತ್ರ. ಇಲ್ಲಾ, ಎತ್ತ ಹೋಗ್ಬೇಕು ಅಂತ ನಡುವೆ ನಿಂತ್ಬಿಡತ್ತೆ. ಆ ವಾಕಿಟಾಕಿ ಪೆಟ್ಟಿಗೆ ಕೊಡಿ, ಮಾತು ಕೇಳಿಸ್ಕೋತೀನಿ.”

ಹೀಗೆ, ಇಡೀ ಚಳಿಗಾಲ ಯಾವ ಅರೆನಿಮಿಷಕ್ಕೆ ಕಾದಿದ್ದಳೋ ಆ ಅರೆನಿಮಿಷದ ಹೊತ್ತಿಗೆ ಹಿಸಾನೊ ಅರ್ಧ ಕಿಲೋಮೀಟರ್ ಕೆಳಗೆ, ಹಾಲಿನ ಕ್ಯಾನುಗಳ ವಾಸನೆಯ ತನ್ನ ಹಳೆಯ ವ್ಯಾನಿನಲ್ಲಿ ಕೂತಿದ್ದಳು. ಎದುರಿಗೆ ಗಾಜು, ಗಾಜಿನಾಚೆ ಕೆಸರು ದಾರಿ, ಅದರ ತುದಿಯಲ್ಲಿ ದಿಬ್ಬ. ದಿಬ್ಬದ ಆಚೆ ಏನೂ ಕಾಣುವುದಿಲ್ಲ. ಬುತ್ತಿಯ ಅನ್ನದುಂಡೆ ಬಿಚ್ಚಿದಳು, ಹಾಗೇ ಮತ್ತೆ ಸುತ್ತಿಟ್ಟಳು. ವಾಕಿಟಾಕಿಯನ್ನು ಕಿವಿಗೆ ಒತ್ತಿಕೊಂಡಳು.

“ಬಿಸಿಲು ಬಂತು, ಬೇಗ!”

“ಜೇಬು ಖಾಲಿ ತಾನೇ?”

“ಖಾಲಿ!”

“ಶುರು!”

ಆಮೇಲೆ ಬರೀ ಗರಗರ. ಹಿಸಾನೊ ಎಣಿಸಿದಳು. ಇನ್ನೂರು ಮೀಟರಿಗೆ ಗೆಂತಾಗೆ ಹದಿನೆಂಟು ಎಣಿಕೆ ಸಾಕು. ಹತ್ತು. ಹದಿನೈದು. ಹದಿನೆಂಟು. ಇಪ್ಪತ್ತೆರಡಾದರೂ ಸದ್ದಿಲ್ಲ. ನಿಂತುಬಿಟ್ಟಿತೇ? ವಾಸನೆ ಹುಡುಕುತ್ತಿದೆಯೇ? ನನ್ನ ಬಾಯಿಗಿಷ್ಟು ಮಣ್ಣು ಹಾಕ, ಯಾಕಾದರೂ ಕೂಗಿದೆನೋ! ಅವಳು ಸ್ಟಿಯರಿಂಗನ್ನು ಗುದ್ದಿದಳು, ಹಾರನ್ ಬಡಿಯಲಿಲ್ಲವೆನ್ನುವುದೇ ಪುಣ್ಯ.

ಒಮ್ಮೆಲೇ ಪೆಟ್ಟಿಗೆ ಒಡೆದುಹೋಗುವಂತೆ ಗದ್ದಲ. ಯಾರೋ ಅಳುತ್ತಿದ್ದರು, ಯಾರೋ ಶಿಳ್ಳೆ ಹಾಕುತ್ತಿದ್ದರು. ಯಾರೂ ಸರಿಯಾಗಿ ಏನನ್ನೂ ಹೇಳುತ್ತಿರಲಿಲ್ಲ.

“ಲೇ, ಯಾರಾದ್ರೂ ಬೊಗಳ್ರೋ!” ಎಂದು ಅವಳು ಗುಂಡಿ ಒತ್ತುವುದನ್ನೂ ಮರೆತು ಅರಚಿದಳು.

“ಅಜ್ಜೀ!” ಕಸುಮಿಯ ದನಿ, ಬಿಕ್ಕುತ್ತ, ಏದುಸಿರು ಬಿಡುತ್ತ. “ಮಲಗ್ತು ಅಜ್ಜೀ! ಕಿವಿ! ಎರಡೂ! ಅರ್ಧ ದಾರೀಲಿ ನಿಂತು ನನ್ನ ನೋಡ್ದ, ಆಮೇಲೆ ಕಿವಿ ಪೂರ್ತಿ ಮಲಗಿಸ್ಕೊಂಡು ಬಂದ! ನಾನು ಡೈಲಾಗೇ ಮರೆತೆ! ಸೆಗಾವಾ ಮಾಮಾನೂ ಅಳ್ತಾ ಇದಾರೆ!”

ಹಿಸಾನೊ ವ್ಯಾನಿನ ಚಾವಣಿಗೆ ತಲೆ ತಾಗುವಂತೆ ಎಗರಿದಳು. ಗೆದ್ದಳು, ಗೆದ್ದೇಬಿಟ್ಟಳು! ಮರುಕ್ಷಣ ಎದೆಯೊಳಗೇನೋ ಖಾಲಿಯಾಯಿತು. ಅವಳ ದನಿ ಕೇಳಿದ ಮೇಲೂ ಗೆಂತಾ ಹುಡುಗಿಯನ್ನೇ ಆರಿಸಿಕೊಂಡಿತ್ತು. ಅವಳು ಬೇಡಿದ್ದೇ ಅದು. ಆದರೂ ದುಃಖ ಉಕ್ಕಿಬಂತು. ಹನ್ನೊಂದು ಸಿನಿಮಾ ಒಣಗಣ್ಣಲ್ಲಿ ನೋಡಿದ ಹೆಂಗಸು ಕೆಸರು ರಸ್ತೆಯಲ್ಲಿ ಒಬ್ಬಳೇ ಕೂತು ಅತ್ತಳು.

ಈಗಿನ್ನೇನು, ವ್ರತ ಮುಗಿದಿತ್ತು. ಅವಳು ಗುಂಡಿ ಒತ್ತಿದಳು. “ಗೆಂತಾ,” ಎಂದಳು. “ಭಲೇ ಮಗನೇ. ಒಳ್ಳೇ ಕೆಲ್ಸ ಮಾಡ್ದೆ.”

ಪೆಟ್ಟಿಗೆ ಗರಗರಗುಟ್ಟಿತು.

“ಅಜ್ಜೀ, ಗೆಂತಾ ಪೆಟ್ಟಿಗೇನ ಮೂಸ್ತಾ ಇದಾನೆ... ನೆಕ್ಕಿಬಿಟ್ಟ! ಅಯ್ಯೋ, ಓಡ್ದ! ಅಜ್ಜೀ, ಓಡೇಬಿಟ್ಟ, ಸೆಗಾವಾ ಮಾಮಾ ಕಟ್ಟಿದ ಹೂವೆಲ್ಲ ಕುತ್ತಿಗೇಲೇ ಇದೆ!”

“ಯಾವ ಕಡೆ? ಯಾವ ಕಡೆ ಹೋದ?”

“ನಿಮ್ ವ್ಯಾನ್ ಹೋದ ದಾರೀಲಿ!”

ಹಿಸಾನೊ ಬಾಗಿಲು ತಳ್ಳಿ ಕೆಸರಿಗೆ ಇಳಿದಳು. ದಿಬ್ಬದ ತುದಿಯಲ್ಲಿ ಒಂದು ಕಂದು ಚುಕ್ಕೆ ಮೂಡಿತು. ಚುಕ್ಕೆಗೆ ಕಾಲು ಬಂತು, ಕತ್ತಿನಲ್ಲಿ ಹಳದಿ ಹೂವು ಕುಣಿಯುವುದು ಕಂಡಿತು, ಕೆಸರು ಎರಡೂ ಪಕ್ಕಕ್ಕೆ ಹಾರುತ್ತಿತ್ತು. ಸುತ್ತ ಕ್ಯಾಮೆರಾ ಇಲ್ಲ, ಕೂಗುವ ನಿರ್ದೇಶಕನಿಲ್ಲ. ಅವಳು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡಳು. ಇಪ್ಪತ್ತಾರು ವರ್ಷದ ಅಭ್ಯಾಸ, ಮೊದಲು ಹುಡುಕಿದ್ದು ಕಿವಿಯನ್ನೇ. ಅಷ್ಟು ಹತ್ತಿರ ಬಂದರೂ ಗೆಂತಾನ ತಲೆಯ ಮೇಲೆ ಕಿವಿ ಎಲ್ಲೂ ಕಾಣಿಸಲಿಲ್ಲ.