ಕಿತ್ತಳೆ ಸರಕ್ಕೆ ಸವರಿದ ಉಪ್ಪು

ಗೋದಾ, ನಿನ್ನ ಕಿತ್ತಳೆ ಸರಕ್ಕೆ ಉಪ್ಪುನೀರು ಸವರಿದವಳು ನಾನು. ಅಂದು ಮಹಾಲಕ್ಷ್ಮಿ ಅತ್ತದ್ದು ನಿನ್ನ ಕಾಲ್ಗುಣದಿಂದಲ್ಲ — ನನ್ನ ಹೊಟ್ಟೆಕಿಚ್ಚಿನಿಂದ. ಇಷ್ಟು ಹೇಳಲು ನನಗೆ ಮುಪ್ಪು ಬರಬೇಕಾಯಿತು.

ನೀನು ತವರೂರು ಕಲ್ಯಾಣದಿಂದ ನಮ್ಮ ಹುಮನಾಬಾದಿನ ಮನೆಗೆ ಕಿರಿಯ ಸೊಸೆಯಾಗಿ ಬರುವ ಮೊದಲು ಒಂಬತ್ತು ವರ್ಷ ನಾನೊಬ್ಬಳೇ ಸೊಸೆ. ಭಾದ್ರಪದದಲ್ಲಿ ಮಹಾಲಕ್ಷ್ಮಿಯರನ್ನು ಕೂಡಿಸಿದಾಗ ಅವರ ತಲೆಯ ಮೇಲೆ ತೂಗಿಬಿಡುವ ಫುಲೋರ — ಕರಿದ ಸಿಹಿಯ ಹೂವು, ಬಾಚಣಿಗೆ, ಜಡೆಬಿಲ್ಲೆ — ಎಲ್ಲವೂ ನನ್ನ ಕೈಯದೇ. ದೇವಿಯ ಹಿತ್ತಾಳೆ ಮುಖವನ್ನು ಎದೆಗಾನಿಸಿಕೊಂಡು, ಕುಂಕುಮದ ಹೆಜ್ಜೆಗಳ ಮೇಲೆ ನಡೆದು, ಲಕ್ಷ್ಮಿಯನ್ನು ಹೊಸಿಲು ದಾಟಿಸುವವಳೂ ನಾನೇ. ಓಣಿಯ ಹೆಂಗಸರು ನೋಡಲು ಬರುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ.

ಆಮೇಲೆ ಯುದ್ಧ ಬಂತು, ಸಕ್ಕರೆ ಸಿಗದಾಯಿತು. ಈ ಸಲ ಫುಲೋರ ಹೇಗೆ ಎಂದು ನಾನು ತಲೆ ಕೆಡಿಸಿಕೊಂಡು ಕೂತಿದ್ದಾಗ ನೀನು ಒಂದು ಡಬ್ಬಿ ತಂದೆ. ಬೇಸಿಗೆಯಲ್ಲಿ ಮಾವ ತಂದಿದ್ದ ಕಿತ್ತಳೆಗಳನ್ನು ತೆಳ್ಳಗೆ ಗುಂಡಗೆ ಕೊಯ್ದು, ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಒಣಗಿಸಿ, ಬೇವಿನ ಎಲೆ ಹಾಕಿ ಮುಚ್ಚಿಟ್ಟಿದ್ದೆ. ದಾರದಲ್ಲಿ ಪೋಣಿಸಿ ದೀಪದ ಮುಂದೆ ಎತ್ತಿ ಹಿಡಿದೆ ನೋಡು — ಒಂದೊಂದು ತೊಳೆಯಲ್ಲೂ ಬೆಳಕು! ಸುಳ್ಳು ಯಾಕೆ ಹೇಳಲಿ, ಚೆಂದವಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

“ಅಯ್ಯ ನನ್ನವ್ವ, ಏನ್ ಕೈ ಅದ ಈ ಹುಡುಗೀದು!” ಎಂದರು ಅತ್ತೆ. “ಈ ವರ್ಷ ಲಕ್ಷ್ಮೀನ ಸಣ್ಣಾಕಿನೇ ಒಳಗ ತರ್ಲಿ.”

“ತರ್ಲಿ ಬಿಡ್ರಿ ಅತ್ತಿ, ನನಗೂ ವಯಸ್ಸಾಯ್ತು” ಎಂದು ನಕ್ಕೆ — ಇಪ್ಪತ್ತೇಳರ ಹೆಂಗಸು! ಒಳಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಮಧ್ಯಾಹ್ನ ಅತ್ತೆ ಉಂಡು ಅಡ್ಡಾಗಿದ್ದರು, ನೀನು ನೀರಿಗೆ ಹೋಗಿದ್ದೆ. ಉಪ್ಪು ಕದಡಿದ ನೀರಿನಲ್ಲಿ ಅರಿವೆ ಅದ್ದಿ ಸರದ ಒಂದೊಂದೇ ಬಿಲ್ಲೆಗೆ ಸವರಿದೆ. ಒಲೆಯ ಕಾವಿನಲ್ಲಿ ಆರಿಸಿ ಮತ್ತೆ ಡಬ್ಬಿಗೆ ಹಾಕಿದೆ. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ ಎಂಬುದು ಅಡುಗೆಮನೆಯ ಯಾವ ಹೆಂಗಸಿಗೆ ಗೊತ್ತಿಲ್ಲ? ಸರ ಮೆತ್ತಗಾಗಿ ಜೋತುಬೀಳಲಿ, ಅತ್ತೆ ಮುಖ ಸಿಂಡರಿಸಲಿ — ನಾನು ಬಯಸಿದ್ದು ಅಷ್ಟೇ. ಅಷ್ಟೇ ಎನ್ನುವುದೂ ಸುಳ್ಳೋ ಏನೋ...

ನೀನು ಲಕ್ಷ್ಮಿಯನ್ನು ಒಳಗೆ ತಂದೆ, ಸರವನ್ನು ಅವಳ ತಲೆಯ ಮೇಲೆ ತೂಗಿಬಿಟ್ಟೆ. ರಾತ್ರಿಯಿಡೀ ಮಳೆ ಹಿಡಿಯಿತು. ಮರುದಿನ ನೈವೇದ್ಯದ ಹೊತ್ತಿಗೆ, ಮನೆ ತುಂಬ ಮುತ್ತೈದೆಯರು ಕೂತಿರುವಾಗ, ಸರದಿಂದ ಒಂದು ಹನಿ ದೇವಿಯ ಕಣ್ಣಿನ ಮೇಲೆ ಬಿದ್ದು ಕೆನ್ನೆಗಿಳಿಯಿತು. ಹಿಂದೆಯೇ ಇನ್ನೊಂದು.

“ಅಯ್ಯೋ, ಲಕ್ಷ್ಮಿ ಅಳಾಕತ್ತಾಳ!” ಅತ್ತೆ ಚೀರಿದರು. “ಎಂಥ ಕಾಲ್ಗುಣದಾಕಿನ್ನ ತಂದ್ಕೊಂಡೆ ನಾ!”

ನೀನು ಎದ್ದು ಸರ ಬಿಚ್ಚಿದೆ. ಒದ್ದೆ ಬೆರಳನ್ನು ನಾಲಿಗೆಗೆ ಮುಟ್ಟಿಸಿದೆ. ಹೊರಳಿ ನನ್ನನ್ನು ನೋಡಿದೆ — ನಾನು ದೀಪದ ಬತ್ತಿ ಸರಿಮಾಡುತ್ತ ಕೂತೆ. ನೋಡಿಯೂ ನೋಡದವಳ ಹಾಗೆ.

“ನಂದ ತಪ್ಪರಿ ಅತ್ತಿ” ಎಂದೆ ನೀನು. “ಸರಿಯಾಗಿ ಒಣಗಿಸಿಲ್ಲ ನಾ.”

ಆ ವಾರವೇ ನಿನ್ನನ್ನು ಕಲ್ಯಾಣಕ್ಕೆ ಕಳಿಸಿದರು. ಸಂಕ್ರಾಂತಿಗೆ ಕರೆತಂದರು, ನಿಜ. ಆದರೆ ಅತ್ತೆ ಇರುವ ತನಕ ನಿನ್ನ ಕೈಯಿಂದ ದೇವರ ಮುಂದೆ ಒಂದು ಹೂವನ್ನೂ ಇಡಗೊಡಲಿಲ್ಲ. ವರ್ಷವರ್ಷವೂ ನಾನು ಲಕ್ಷ್ಮಿಯನ್ನು ಒಳಗೆ ತರುವಾಗ ನೀನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದೆ. ಆ ಸದ್ದು ನನಗೆ ಕೇಳಿಸುತ್ತಿತ್ತು.

ನಿನಗೆ ಅಂದೇ ಗೊತ್ತಾಗಿತ್ತು. ಗೊತ್ತಿದ್ದೂ ನನ್ನ ಬಾಣಂತನ ಮಾಡಿದೆ, ನನ್ನ ಮಗಳಿಗೆ ಜಡೆ ಹೆಣೆದೆ, ಒಂದು ಸಲವೂ ಬಾಯಿಬಿಡಲಿಲ್ಲ. ಅದನ್ನು ಕಂಡು ನನ್ನ ಕರುಳು ಚುರ್ ಎನ್ನಬೇಕಿತ್ತು. ಆದದ್ದು ಮತ್ತೆ ಹೊಟ್ಟೆಯುರಿಯೇ — ಇದರಲ್ಲೂ ಇವಳೇ ಮೇಲಾದಳಲ್ಲ ಎಂದು. ಥೂ, ಎಂಥ ಜೀವ ನನ್ನದು!

ಅತ್ತೆಗೆ ಹೇಳುವ ಕಾಲ ಮುಗಿದುಹೋಯಿತು. ಆದರೆ ಈಗಿನ ಸೊಸೆಯಂದಿರಿಗೂ ನೀನೆಂದರೆ ಲಕ್ಷ್ಮಿಯನ್ನು ಅಳಿಸಿದ ಸಣ್ಣತ್ತೆ. ಈ ಹಬ್ಬಕ್ಕೆ ಅವರೆಲ್ಲ ಸೇರಿದಾಗ, ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತೇನೆ. ನೀನು ನನ್ನ ಕೈ ಹಿಡಿದು ತಡೆಯುತ್ತೀ, ಗೊತ್ತು. ತಡೆಯಬೇಡ, ಗೋದಾ. ತಪ್ಪು ನನ್ನದೆಂದು ಈ ಸಲವಾದರೂ ನನಗೆ ಹೇಳಲು ಬಿಡು.